ಕರಡು ಓದಿಕೊಂಡು ಎದ್ದು ನಿಲ್ಲು

ಪುಟ್ಟೀ, ಗ್ರಾಮಸಭೆಯಲ್ಲಿ ಪಶ್ಚಿಮಘಟ್ಟದ ವಿಚಾರ ಮಾತಾಡ್ತೀನಿ ದೊಡ್ಡಪ್ಪ ಅಂತ ನೀನು ಫೋನ್ ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹತ್ತು ವರ್ಷದ ಹಿಂದೆ ಅದೇ ಸಭೆಯಲ್ಲಿ ನಾನೂ ಎದ್ದು ನಿಂತಿದ್ದೆ. ‘ಕಸ್ತೂರಿರಂಗನ್ ವರದಿ ಬಂದರೆ ಹೆಂಚು ಬದಲಿಸಲಿಕ್ಕೂ ಅಪ್ಪಣೆ ಬೇಕು, ತೋಟ ಮಾರುವ ಹಾಗೇ ಇಲ್ಲ’ ಎಂದೆ. ಜೋರು ಚಪ್ಪಾಳೆ ಬಿತ್ತು. ವರದಿಯ ಒಂದು ಹಾಳೆಯನ್ನೂ ನಾನು ಓದಿರಲಿಲ್ಲ. ನನ್ನ ಮಾತು ನಂಬಿದ ನೆರೆಯವರೊಬ್ಬರು ಹೆದರಿ, ಅರ್ಧ ಎಕರೆ ಅಡಿಕೆ ತೋಟವನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟರು. ಆ ಬೇಲಿಯ ಪಕ್ಕ ಹಾದುಹೋಗುವಾಗ ಈಗಲೂ ತಲೆ ತಗ್ಗುತ್ತದೆ.

ಅದಕ್ಕೇ ಹೇಳುತ್ತೇನೆ, ಯಾವ ಕಾಗದದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟದ್ದು ಒಂದು ವರದಿ. ಕಸ್ತೂರಿರಂಗನ್ ತಂಡ 2013ರಲ್ಲಿ ಕೊಟ್ಟದ್ದು ಇನ್ನೊಂದು. ಅದು ಘಟ್ಟದ ಶೇ 37ರಷ್ಟನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಎರಡೂ ಬರೀ ಸಲಹೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸುವ ಕರಡು ಅಧಿಸೂಚನೆ ಬೇರೆಯೇ. 2024ರ ಜುಲೈ 31ರದ್ದು ಆರನೆಯ ಕರಡು; ಅದರಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಇದೆ. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕರಡು ಎಂದರೆ ಕಾನೂನಲ್ಲ, ಆಕ್ಷೇಪಣೆಗೆ 60 ದಿನ ಇಟ್ಟೇ ಹೊರಡಿಸುತ್ತಾರೆ. ಸಭೆಯಲ್ಲಿ ಈ ಮೂರನ್ನೂ ಕಲಸಿ ‘ವರದಿ’ ಎಂದೇ ಕರೆಯುತ್ತಾರೆ. ನೀನು ಹಾಗೆ ಮಾಡಬೇಡ.

ಅದಕ್ಕೂ ಹಿಂದಿನ 2022ರ ಕರಡು ಕೈಗೆ ಬಂದಾಗ ನಾನು ಕೂತು ಓದಿದೆ. ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರಿಗೂ ದೊಡ್ಡ ಕಟ್ಟಡ, ಇವಕ್ಕೆ ತಡೆ. ಇದ್ದ ಮನೆಯ ರಿಪೇರಿಗೆ, ವಿಸ್ತರಣೆಗೆ, ಆಸ್ತಿ ಕೈಬದಲಾಗುವುದಕ್ಕೆ ಅಡ್ಡಿ ಇಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದೆ. ಓದಿದಾಗ ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಹಾಗಂತ ವಿರೋಧಿಸುವವರದ್ದೆಲ್ಲ ಸುಳ್ಳು ಎಂದು ಸಭೆಯಲ್ಲಿ ಹಾರಾಡಬೇಡ. ಅವರ ಮಾತಿನಲ್ಲೂ ತಿರುಳಿದೆ. ಊರಿನ ಶೇ 20 ಜಾಗ ಸೂಕ್ಷ್ಮ ನೈಸರ್ಗಿಕ ಪ್ರದೇಶವಾಗಿದ್ದರೆ ಇಡೀ ಗ್ರಾಮವನ್ನೇ ಸೇರಿಸುವುದು ಕಸ್ತೂರಿರಂಗನ್ ತಂಡದ ಲೆಕ್ಕ. ಉಳಿದ ಶೇ 80ರಲ್ಲಿ ಮನೆ, ಗದ್ದೆ, ತೋಟ ಇದ್ದರೂ ಅಷ್ಟೇ. ಜಲ್ಲಿ, ಮರಳು ದೂರದಿಂದ ತರಿಸಿದರೆ ಮನೆ ಕಟ್ಟುವವನ ಖರ್ಚು ಏರುತ್ತದೆ. ಕ್ವಾರಿಯಲ್ಲಿ ದುಡಿಯುವವನ ಕೂಲಿ ನಿಲ್ಲುತ್ತದೆ. ಆಸ್ತಿ ಮಾರಲು ಅಡ್ಡಿಯಿಲ್ಲ ಎಂಬ ಭರವಸೆ ಪಹಣಿ ಇದ್ದವನಿಗೆ ಸರಿ, ಬಗರ್‌ಹುಕುಂನಲ್ಲಿ ಅಪ್ಪನ ಕಾಲದಿಂದ ಉಳುತ್ತಿರುವವನಿಗೆ ಅದರಿಂದ ಏನು ಸಿಕ್ಕಿತು? ಲಾಭ ನಷ್ಟದ ಮಾತು ಬಂದಾಗ ಯಾರ ಲಾಭ, ಯಾರ ನಷ್ಟ ಎಂದು ಕೇಳದೆ ಬಿಡಬೇಡ. ತಡೆ ಇಲ್ಲದಿದ್ದರೂ ಹವಾಮಾನದಿಂದ ಆಗುವ ನಷ್ಟ ಇದ್ದೇ ಇದೆ. ಮಳೆ ಬಿಡದೆ ಹಿಡಿದ ವರ್ಷ ಕೊಳೆರೋಗಕ್ಕೆ ಹೋದ ಅಡಿಕೆಯನ್ನು ನಿನ್ನ ಅಪ್ಪ ಅಂಗಳದಲ್ಲಿ ಗುಡ್ಡೆ ಹಾಕಿದ್ದನ್ನು ನೀನೇ ನೋಡಿದ್ದೀಯ.

ಹವಾಮಾನದ ಮಾತಿಗೆ ಬಂದಾಗ ನಿನ್ನ ನಾಲಿಗೆಯ ಮೇಲೆ ನಿನಗೇ ಹಿಡಿತ ಇರಲಿ, ಯಾಕೆಂದರೆ ನೀನು ಘಟ್ಟ ಉಳಿಯಬೇಕು ಎನ್ನುವವರ ಪಕ್ಷ. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿಯಿತು. ಅಂದಿನ ಮಳೆಯ ರಭಸ ಭೂಮಿ ಬಿಸಿಯಾದ ಕಾರಣ ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಅದು ಮಳೆಯ ಲೆಕ್ಕ. ಗುಡ್ಡ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಇಳಿಜಾರು, ಮಣ್ಣು, ಮೇಲಿನ ಬೇರು, ಬುಡ ಕಡಿದ ರಸ್ತೆ ಎಲ್ಲವನ್ನೂ ನೋಡಬೇಕು. ಎರಡು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಯ ಬದಿಯ ಗುಡ್ಡ. ಎಲ್ಲದಕ್ಕೂ ಹವಾಮಾನ ಬದಲಾವಣೆಯೇ ಕಾರಣ ಎಂದರೆ ಗುಡ್ಡ ಕಡಿದವರು ಲೆಕ್ಕ ಕೊಡದೆ ಪಾರಾಗುತ್ತಾರೆ.

ಸಭೆಗೆ ಬರುವಾಗ ಕರಡಿನ ಪ್ರತಿ, ನಮ್ಮ ತಾಲ್ಲೂಕಿನ ಗ್ರಾಮಗಳ ಪಟ್ಟಿ ಎರಡನ್ನೂ ತಾ. ಕೆಳಮನೆಯ ಅಜ್ಜನಿಗೆ ಬಗರ್‌ಹುಕುಂ ಜಮೀನು ಬಿಟ್ಟರೆ ಬೇರೆ ಇಲ್ಲ, ನಿನಗಿಂತ ಮೊದಲು ಅವನು ಮಾತಾಡಲಿ. ನಾನೂ ಬರುತ್ತೇನೆ. ಅಂದು ಓದದೆ ಆಡಿದ ಮಾತು ತಪ್ಪೆಂದು ಅದೇ ಜನರ ಎದುರು ಹೇಳುವುದು ಬಾಕಿ ಇದೆ.