ಐವತ್ತೊಂದರಲ್ಲಿ ಮ್ಯಾರಥಾನ್: ತಡೆಯಲೇ, ಬಿಡಲೇ?

ಪ್ರಶ್ನೆ: ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಊರು ಕುಂದಾಪುರ ಕಡೆ. ನಮ್ಮವರಿಗೆ ಈಗ 51, ಫೋರ್ಟ್‌ನಲ್ಲಿ ಬ್ಯಾಂಕ್ ಅಧಿಕಾರಿ. ಕಳೆದ ವರ್ಷ ಸಕ್ಕರೆ ಅಂಶ ಸ್ವಲ್ಪ ಏರಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಚೌತಿ ಕಳೆದ ಮೇಲೆ ನಡೆಯಲು ಹೊರಟವರು ಓಡಲು ಶುರು ಮಾಡಿದರು. ಚಳಿಗಾಲದಲ್ಲಿ ನವಿ ಮುಂಬಯಿಯಲ್ಲಿ ಹಾಫ್ ಮ್ಯಾರಥಾನ್ ಮುಗಿಸಿದರು. ಬರುವ ಜನವರಿಯಲ್ಲಿ ಮುಂಬಯಿಯ ಫುಲ್ ಮ್ಯಾರಥಾನ್ ಓಡಿಯೇ ತೀರುತ್ತೇನೆ ಎನ್ನುತ್ತಾರೆ. ಬೆಳಗಿನ ಪೌಣೆ ನಾಲ್ಕಕ್ಕೆ ಅಲಾರಾಂ. ಭಾನುವಾರ ಬಂತೆಂದರೆ ಗುಂಪಿನ ಜತೆ ಪಾಮ್ ಬೀಚ್ ರಸ್ತೆಗೋ ಥಾಣೆಯ ಯೇವೂರಿಗೋ ಹೋಗಿ ಹನ್ನೊಂದಕ್ಕೆ ಬರುತ್ತಾರೆ, ಮಧ್ಯಾಹ್ನವೆಲ್ಲ ಮಲಗುತ್ತಾರೆ. ಕಳೆದ ತಿಂಗಳು ನನ್ನ ಸೋದರಮಾವನ ಮಗನ ಮದುವೆಗೂ ಬರಲಿಲ್ಲ. ಬಲಮೊಣಕಾಲು ಆಗಾಗ ಊದುತ್ತದೆ, ಕೇಳಿದರೆ ಏನಿಲ್ಲ ಎನ್ನುತ್ತಾರೆ. ಮೊನ್ನೆ ಅವರ ಬ್ಯಾಗಿನಲ್ಲಿ ನೋವಿನ ಮಾತ್ರೆಯ ಪಟ್ಟಿ ಸಿಕ್ಕಿತು, ಅರ್ಧ ಖಾಲಿಯಾಗಿತ್ತು. ಅನ್ನವನ್ನೂ ಬಿಟ್ಟಿದ್ದಾರೆ. ಮಾವ 54ರಲ್ಲಿ ಹೃದಯಾಘಾತದಿಂದ ಹೋದವರು, ಹಾಗಾಗಿ ಅತ್ತೆಗೆ ವಿಪರೀತ ಭಯ. ನಾನು ಬಾಯಿ ತೆರೆದರೆ ‘ಬೇಕಾದರೆ ನೀನೂ ಬಾ, ಅಡ್ಡ ಮಾತ್ರ ಬರಬೇಡ’ ಎನ್ನುತ್ತಾರೆ. ಮಗಳು ಹನ್ನೆರಡನೇ ತರಗತಿ. ಇವರನ್ನು ತಡೆಯುವುದು ಹೇಗೆ?

ಉತ್ತರ: ತಡೆಯಬೇಡಿ. ಆದರೆ ಈಗ ನಡೆಯುತ್ತಿರುವ ಹಾಗೇ ನಡೆಯಲೂ ಬಿಡಬೇಡಿ.

ಮೊಣಕಾಲು, ಮಾತ್ರೆ, ಮದುವೆ ಎಲ್ಲದರ ಬಗ್ಗೆ ವಿವರವಾಗಿ ಬರೆದಿದ್ದೀರಿ. ಮಾವನವರ ಸಾವು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನನಗೆ ಮೊದಲು ಮುಖ್ಯವೆನಿಸಿದ್ದು ಆ ಸಾಲು. ತಂದೆಗೋ ಅಣ್ಣತಮ್ಮಂದಿರಿಗೋ 55 ತುಂಬುವ ಮೊದಲೇ ಹೃದಯಾಘಾತವಾಗಿದ್ದರೆ ವೈದ್ಯರು ಅದನ್ನು ಪ್ರತ್ಯೇಕ ಅಪಾಯವೆಂದೇ ಎಣಿಸುತ್ತಾರೆ. ಭಾರತೀಯರಲ್ಲಿ ಹೃದ್ರೋಗ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಇವೆರಡರ ಮೇಲೆ ಏರಿದ ಸಕ್ಕರೆ. ನಿಮ್ಮವರು ಓಡುತ್ತಿರುವುದು ಬರೀ ಪದಕದ ಆಸೆಗಲ್ಲ ಎಂದು ನನಗನಿಸುತ್ತದೆ. ಅಪ್ಪ ತೀರಿಕೊಂಡ ವಯಸ್ಸು ಹತ್ತಿರವಾಗುತ್ತಿದ್ದಂತೆ ಅನೇಕ ಗಂಡಸರಿಗೆ ಒಳಗೊಳಗೇ ಒಂದು ದಿಗಿಲು ಹುಟ್ಟುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಶೂ ಕಟ್ಟಿಕೊಂಡು ಹೊರಡುತ್ತಾರೆ. ಅದು ಒಳ್ಳೆಯದೇ. ಆದರೆ ಓಡುತ್ತಿದ್ದೇನಲ್ಲ, ಇನ್ನು ನನಗೇನೂ ಆಗದು ಎಂಬ ನಂಬಿಕೆ ಅದರ ಹಿಂದೆಯೇ ಬಂದು ಕುಳಿತುಕೊಳ್ಳುತ್ತದೆ.

ಅಮೆರಿಕದ ಜಿಮ್ ಫಿಕ್ಸ್ ಕಥೆಯನ್ನು ನಿಮ್ಮವರಿಗೆ ತಪ್ಪದೆ ಹೇಳಿ. ಅವರ ತಂದೆಗೆ 35ರಲ್ಲಿ ಮೊದಲ ಹೃದಯಾಘಾತ, 43ರಲ್ಲಿ ಸಾವು. ಮಗ ಧೂಮಪಾನಿ, ದಪ್ಪ ಮೈ. ಮೂವತ್ತೈದರ ಆಸುಪಾಸಿನಲ್ಲಿ ಓಡಲು ಹಿಡಿದು ಸಿಗರೇಟು ಬಿಟ್ಟರು, ಮೈ ಇಳಿಸಿದರು. 1977ರಲ್ಲಿ ಓಟದ ಬಗ್ಗೆ ಅವರು ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ ಇಡೀ ಅಮೆರಿಕವನ್ನು ಬೀದಿಗಿಳಿಸಿತು. ಪ್ರಸಿದ್ಧ ವೈದ್ಯ ಕೆನೆತ್ ಕೂಪರ್ ಅವರ ಕ್ಲಿನಿಕ್ಕಿಗೆ ಹೋದಾಗ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದರೂ ಫಿಕ್ಸ್ ಒಪ್ಪಲಿಲ್ಲ. 1984ರ ಜುಲೈನಲ್ಲಿ, 52ನೇ ವಯಸ್ಸಿನಲ್ಲಿ, ದಿನದ ಓಟಕ್ಕೆ ಹೋದವರು ರಸ್ತೆಯಲ್ಲೇ ಕುಸಿದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದು ಕಂಡಿತು. ಓಟ ಅವರನ್ನು ಕೊಂದಿತು ಎಂದು ಅಂದು ಹಲವರು ಬರೆದರು. ನಾನು ಹಾಗೆ ಹೇಳಲಾರೆ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರಲ್ಲ, ಅದರಲ್ಲಿ ಓಟದ ಪಾಲೂ ಇರಬಹುದು. ಅವರಿಗೆ ಮುಳುವಾದದ್ದು ಮಾಡಿಸಿಕೊಳ್ಳದ ಆ ಪರೀಕ್ಷೆ.

ಅತ್ತೆಯವರಿಗೆ ಧೈರ್ಯ ಹೇಳಲು ಇನ್ನೊಂದು ಲೆಕ್ಕವೂ ಇದೆ. 2000ದಿಂದ 2010ರವರೆಗೆ ಅಮೆರಿಕದ ಫುಲ್ ಮತ್ತು ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯ ಪೈಕಿ ಹೃದಯ ಸ್ತಂಭನವಾದದ್ದು 59 ಮಂದಿಗೆ. ತೀರಾ ಅಪರೂಪ ಎಂದಾಯಿತು. ಆದರೆ ಅವರಲ್ಲಿ ಹೆಚ್ಚಿನವರು ಗಂಡಸರು, ಮತ್ತು ಹಾಫ್‌ಗಿಂತ ಫುಲ್‌ನಲ್ಲೇ ಜಾಸ್ತಿ. 2020ರ ಮುಂಬಯಿ ಮ್ಯಾರಥಾನ್‌ನಲ್ಲಿ 64ರ ಹಿರಿಯರೊಬ್ಬರು ಓಡುತ್ತಲೇ ಕುಸಿದು ತೀರಿಕೊಂಡದ್ದು ನಿಮಗೂ ನೆನಪಿರಬಹುದು. ಹಾಗಾಗಿ ಮೊದಲ ಕೆಲಸ ಹೃದ್ರೋಗ ತಜ್ಞರ ಭೇಟಿ. ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್, ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಇವುಗಳಲ್ಲಿ ಯಾವುವು ಬೇಕೆಂದು ಅವರು ಹೇಳುತ್ತಾರೆ. ತಂದೆಯ ವಿಷಯವನ್ನು ಮಾತ್ರ ನೀವೇ ಬಾಯಿಬಿಟ್ಟು ಹೇಳಬೇಕು. ನಿಮ್ಮವರು ಅದನ್ನು ಮರೆತಂತೆ ಮಾಡುವ ಸಾಧ್ಯತೆ ಇದೆ. ಪರೀಕ್ಷೆ ಸರಿಯಾಗಿದೆ ಎಂದು ಬಂದ ಮೇಲೂ ಓಡುವಾಗ ಎದೆ ಬಿಗಿಯುವುದು, ದವಡೆಗೋ ಎಡತೋಳಿಗೋ ನೋವು ಹಬ್ಬುವುದು, ತಲೆ ತಿರುಗುವುದು ಆದರೆ ಅಲ್ಲೇ ನಿಲ್ಲಬೇಕು. ಗ್ಯಾಸ್ ಎಂದು ಮುಂದೆ ಓಡಬಾರದು.

ಇನ್ನು ಮೊಣಕಾಲು. ಓಡಿದರೆ ಮೊಣಕಾಲು ಸವೆಯುತ್ತದೆ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು, ನಿಜವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮೊಣಕಾಲು ಮತ್ತು ಸೊಂಟದ ಸಂಧಿವಾತ ಹವ್ಯಾಸಕ್ಕೆ ಓಡುವವರಲ್ಲಿ ನೂರಕ್ಕೆ 3.5, ಓಡದೆ ಕುಳಿತೇ ಇರುವವರಲ್ಲಿ ನೂರಕ್ಕೆ 10ರಷ್ಟು. ಹಾಗಾದರೆ ನಿಮ್ಮವರ ಮೊಣಕಾಲು ಊದುವುದೇಕೆ? ಐವತ್ತರಲ್ಲೂ ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಸ್ನಾಯುಬಂಧ, ಮೂಳೆ ಹಾಗಲ್ಲ, ತಿಂಗಳುಗಟ್ಟಲೆ ಕಾಲ ಬೇಡುತ್ತವೆ. ದಮ್ಮಿದೆ, ಇನ್ನೂ ಓಡಬಲ್ಲೆ ಎಂದು ಮನಸ್ಸು ಹೇಳುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಮಾತನಾಡುತ್ತ ಓಡಬಲ್ಲಷ್ಟು ನಿಧಾನ ಓಡುವುದು, ದೂರವನ್ನು ಮೆಲ್ಲಮೆಲ್ಲನೆ ಏರಿಸುವುದು, ವಾರಕ್ಕೆರಡು ಬಾರಿ ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡುವುದು, ಇಷ್ಟೇ ಮದ್ದು. ಅದಕ್ಕೆ ಜಿಮ್ ಬೇಕಿಲ್ಲ. ನಿಮ್ಮ ಕಟ್ಟಡದ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿ ಎತ್ತಿ ಇಳಿಸಿದರೂ ಸಾಕು. ಆದರೆ ಊತ ಇರುವಾಗ ಓಡಬಾರದು, ಮೊದಲು ಮೂಳೆ ತಜ್ಞರಿಗೆ ತೋರಿಸಲಿ.

ಆ ಮಾತ್ರೆಯ ಪಟ್ಟಿ ನನ್ನನ್ನು ಹೆಚ್ಚು ಹೆದರಿಸಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಿ ನಮ್ಮ ಕಡಲತೀರದ ಸೆಖೆಯಲ್ಲಿ ಬೆವರು ಸುರಿಸುತ್ತ ಎರಡು ಮೂರು ಗಂಟೆ ಓಡಿದರೆ ಮೂತ್ರಪಿಂಡಕ್ಕೇ ಪೆಟ್ಟು. ನೋವು ಗೊತ್ತಾಗದ ಕಾರಣ ಕಾಲೂ ಇನ್ನಷ್ಟು ಕೆಡುತ್ತದೆ. ಇದರಲ್ಲಿ ಮುಲಾಜು ಬೇಡ, ಡಾಕ್ಟರು ಬರೆದುಕೊಡದೆ ಒಂದು ಮಾತ್ರೆಯೂ ಕೂಡದು.

ಈಗ ನಾನು ಬಹಳ ಮುಖ್ಯವೆಂದುಕೊಂಡಿರುವ ವಿಷಯ. ಐವತ್ತೊಂದು ಓಟಕ್ಕೆ ತಡವಾದ ವಯಸ್ಸಲ್ಲ. ಡೊಂಬಿವಲಿ, ಕಲ್ಯಾಣದವರಿಗೆ ಕೊರತೆಯಾಗಿರುವುದು ನಿದ್ದೆ. ಏಳೂವರೆಗೆ ಫೋರ್ಟ್‌ನಿಂದ ಹೊರಟರೂ ಫಾಸ್ಟ್ ಲೋಕಲ್ ಹಿಡಿದು ಮನೆ ಸೇರುವಾಗ ಒಂಬತ್ತು ದಾಟುತ್ತದೆ. ಊಟ, ಮಗಳ ಜತೆ ನಾಲ್ಕು ಮಾತು, ಮಲಗುವಾಗ ಹನ್ನೊಂದು. ಪೌಣೆ ನಾಲ್ಕಕ್ಕೆ ಎದ್ದರೆ ಐದು ಗಂಟೆಯ ನಿದ್ದೆಯೂ ಇಲ್ಲ. ದಣಿದ ಸ್ನಾಯು ದುರಸ್ತಿಯಾಗುವುದು ನಿದ್ದೆಯಲ್ಲಿ. ಈ ವಯಸ್ಸಿಗೆ ಆ ದುರಸ್ತಿಗೆ ಮೊದಲಿಗಿಂತ ಹೆಚ್ಚು ಸಮಯ ಬೇಕು. ನಿದ್ದೆ ಕೆಟ್ಟರೆ ಸಕ್ಕರೆ, ರಕ್ತದೊತ್ತಡ ಎರಡೂ ಏರುತ್ತವೆ. ಎಂದರೆ ಯಾವುದನ್ನು ಇಳಿಸಲು ಓಡಲು ಹೊರಟರೋ ಅದನ್ನೇ ಏರಿಸಿಕೊಂಡಂತಾಯಿತು. ಭಾನುವಾರ ಮಧ್ಯಾಹ್ನದ ಆ ನಿದ್ದೆ ಸೋಮಾರಿತನವಲ್ಲಮ್ಮ, ವಾರವಿಡೀ ಕಳೆದುಕೊಂಡದ್ದನ್ನು ದೇಹ ಕೇಳಿ ಪಡೆಯುತ್ತಿದೆ.

ಆದ್ದರಿಂದ ಓಟದ ದಿನ ಕಡಿಮೆಯಾಗಲಿ. ವಾರದ ನಡುವೆ ಎರಡೇ ದಿನ, ನಲವತ್ತು ನಿಮಿಷ, ಮನೆ ಹತ್ತಿರವೇ. ಹಿಂದಿನ ರಾತ್ರಿ ಹತ್ತಕ್ಕೆ ದೀಪ ಆರಬೇಕು. ಇದನ್ನು ಇಡೀ ಮನೆ ಒಪ್ಪಬೇಕಾಗುತ್ತದೆ. ಊಟ ಅರ್ಧ ಗಂಟೆ ಮುಂಚೆ ಆಗಬೇಕು, ಟೀವಿ ಸದ್ದು ತಗ್ಗಬೇಕು. ನೀವು ಇಷ್ಟು ಬಿಟ್ಟುಕೊಟ್ಟರೆ ಅವರಿಂದ ಭಾನುವಾರ ಕೇಳುವ ಹಕ್ಕು ನಿಮ್ಮದು.

ಮುಂಬಯಿ ಕನ್ನಡಿಗರ ಮದುವೆ, ಮುಂಜಿ, ಸಂಘದ ಸಭೆ, ಯಕ್ಷಗಾನ, ನೆಂಟರ ಮನೆಯ ಪೂಜೆ ಎಲ್ಲವೂ ಭಾನುವಾರವೇ. ಆ ದಿನ ಕಾಣಿಸದವರು ಮೆಲ್ಲಗೆ ನಮ್ಮವರ ಲೆಕ್ಕದಿಂದಲೇ ಹೊರಗಾಗುತ್ತಾರೆ. ನಿಮ್ಮ ಮುನಿಸು ಮದುವೆಯ ಬಗ್ಗೆ ಮಾತ್ರವಲ್ಲ ಎಂದು ನನಗೆ ಗೊತ್ತು. ನಾನಿಲ್ಲದ ಹೊಸ ಬಳಗವೊಂದು ಇವರಿಗೆ ಸಿಕ್ಕಿತಲ್ಲ ಎಂಬ ನೋವೂ ಇದೆ, ಇರಬೇಕಾದದ್ದೇ. ದಾರಿಯೂ ಇದೆ. ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ದೂರದ ಓಟ ಆ ಎರಡು ಶನಿವಾರಕ್ಕೆ ಹೋಗಲಿ. ಐವತ್ತು ದಾಟಿದವರಿಗೆ ಹದಿನೈದು ದಿನಕ್ಕೊಂದು ದೂರದ ಓಟ ಸಾಕು. ಆ ವಾರದ ಭಾನುವಾರ ಪೂರ್ತಿ ಮನೆಯದು. ಉಳಿದ ಭಾನುವಾರಗಳಲ್ಲಿ ಒಂದು ಗಂಟೆಯ ಹಗುರ ಓಟ, ಎಂಟಕ್ಕೆಲ್ಲ ತಿಂಡಿಗೆ ಹಾಜರು.

ಡೊಂಬಿವಲಿಯಲ್ಲಿ ಓಡಲು ಜಾಗವೆಲ್ಲಿದೆ, ಅದಕ್ಕೇ ಪಾಮ್ ಬೀಚ್ ಎನ್ನುತ್ತಾರೆ ಅವರು. ಒಪ್ಪುತ್ತೇನೆ. ವಾಶಿಯಿಂದ ಬೇಲಾಪುರದ ತನಕ ಸಪಾಟಾದ ಅಂಥ ರಸ್ತೆ ನಮ್ಮ ಕಡೆ ಇಲ್ಲ. ಆದರೆ ನಸುಕಿನಲ್ಲಿ ಅಲ್ಲಿ ಕಾರುಗಳು ಹೋಗುವ ವೇಗವನ್ನೂ ಅವರು ನೋಡಿರುತ್ತಾರೆ. 2023ರ ಮಾರ್ಚ್‌ನಲ್ಲಿ ವರ್ಲಿ ಸೀಫೇಸ್‌ನಲ್ಲಿ ಬೆಳಿಗ್ಗೆ ಓಡುತ್ತಿದ್ದ ಮಹಿಳೆಯೊಬ್ಬರು ವೇಗವಾಗಿ ಬಂದ ಕಾರು ಹೊಡೆದು ತೀರಿಕೊಂಡರು. ಅವರೂ ಮ್ಯಾರಥಾನ್ ಓಡುತ್ತಿದ್ದವರು. ನೆರುಲ್‌ನ ಜ್ಯುವೆಲ್ ಕೆರೆಯ ದಾರಿ, ಖಾರ್ಘರ್‌ನ ಸೆಂಟ್ರಲ್ ಪಾರ್ಕ್‌ಗಳಲ್ಲಿ ವಾಹನದ ಕಾಟವಿಲ್ಲ. ವಾರದ ನಡುವಿನ ಓಟಕ್ಕೆ ನಿಮ್ಮ ಹತ್ತಿರದ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲವೇ ಆಗುತ್ತದೆ. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ವಾಸನೆ ದಟ್ಟವಾಗಿರುವ ಬೆಳಿಗ್ಗೆ ಮಾತ್ರ ಓಟ ಬೇಡ. ಸುತ್ತು ಹೊಡೆಯುವುದು ಬೇಸರ ಎಂದರೆ ಕೆನಡಾದ ಎಡ್ ವಿಟ್ಲಾಕ್ ಹೆಸರು ಹೇಳಿ. ಎಳೆಯ ಪ್ರಾಯದಲ್ಲಿ ಬಿಟ್ಟಿದ್ದ ಓಟವನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದವರು ಅವರು. 73ನೇ ವಯಸ್ಸಿನಲ್ಲಿ, 2004ರಲ್ಲಿ, ಟೊರಾಂಟೊದಲ್ಲಿ 2 ಗಂಟೆ 54 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಅಭ್ಯಾಸವೆಲ್ಲ ಮನೆ ಪಕ್ಕದ ಪುಟ್ಟ ಸಮಾಧಿ ಸ್ಥಳದೊಳಗೆ, ಅದೇ ದಾರಿಯಲ್ಲಿ ಸುತ್ತಿ ಸುತ್ತಿ, ನಿಧಾನವಾಗಿ. ಮಳೆಗಾಲದಲ್ಲಂತೂ ನಮ್ಮ ರಸ್ತೆಗಳಿಗಿಂತ ಮೈದಾನದ ಸುತ್ತೇ ಕ್ಷೇಮ. ನೀರು ನಿಂತಲ್ಲಿ ಗುಂಡಿಯೂ ಕಾಣದು, ಇಲಿಜ್ವರದ ಭಯವೂ ತಪ್ಪದು.

ಅನ್ನ ಬಿಡಿಸಿದವರು ಯಾರೋ ತಿಳಿಯದು. ದೂರ ಓಡುವವರಿಗೆ ಅನ್ನ ಬೇಕು. ಓಡಿ ಬಂದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಜತೆಗೆ ಮೀನೋ ಮೊಟ್ಟೆಯೋ ಹುರುಳಿ ಸಾರೋ ಇರಲಿ. ಸಕ್ಕರೆ ಏರಿದ್ದರಿಂದ ಅಳತೆಯನ್ನು ಡಾಕ್ಟರಲ್ಲಿ ಕೇಳಿಕೊಳ್ಳಿ.

ಜನವರಿಯ ಫುಲ್ ಓಡಬಹುದೇ? ಅಕ್ಟೋಬರ್ ಕೊನೆಗೆ ನಿರ್ಧಾರವಾಗಲಿ. ಹೃದಯದ ವರದಿ ಚೆನ್ನಾಗಿರಬೇಕು, ಮಾತ್ರೆಯಿಲ್ಲದೆ 25 ಕಿ.ಮೀ. ಓಡಿ ಮರುದಿನ ಮೊಣಕಾಲು ಊದದಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಈ ವರ್ಷ ಬೇಡ, ಕಟ್ಟಿದ ಶುಲ್ಕ ಹೋದರೆ ಹೋಗಲಿ. 42.195 ಕಿ.ಮೀ. ಎಂದರೆ ಸಿಎಸ್‌ಎಂಟಿಯಿಂದ ರೈಲಿನ ದಾರಿಯಲ್ಲಿ ಹೆಚ್ಚು ಕಡಿಮೆ ದಿವಾ ತನಕದ ದೂರ. ಎಷ್ಟೋ ಓಟಗಾರರ ಶಕ್ತಿ ಬತ್ತುವುದು ಥಾಣೆಯಷ್ಟು ದೂರಕ್ಕೆ. ಅಲ್ಲಿಂದ ಆಚೆಗೆ ಕಾಲು ನಡೆಯುವುದು ತಿಂಗಳುಗಟ್ಟಲೆಯ ತಯಾರಿಯ ಬಲದಿಂದ, ಹಟದಿಂದಲ್ಲ. ಒಂದು ವರ್ಷ ತಡವಾಗಿ 52ಕ್ಕೆ ಓಡಿದರೆ ಯಾವ ನಷ್ಟವೂ ಇಲ್ಲ.

ಈ ಮಾತನ್ನೆಲ್ಲ ಅವರು ಓಡಿ ಸುಸ್ತಾಗಿ ಬಂದ ಹೊತ್ತಿನಲ್ಲಿ ಎತ್ತಬೇಡಿ, ಅತ್ತೆಯವರ ಎದುರಿಗೂ ಬೇಡ. ‘ಓಡಬೇಡಿ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಮಾವನ ವಯಸ್ಸು ನೆನೆದರೆ ನನಗೆ ಭಯವಾಗುತ್ತದೆ, ನಿಮಗೂ ಆಗುತ್ತದಾ?’ ಎಂದು ಕೇಳಿ. ಉತ್ತರಕ್ಕೆ ಕಾಯಿರಿ. ಬಳಿಕ ಈ ವಾರವೇ ಹೃದ್ರೋಗ ತಜ್ಞರ ಸಮಯ ತೆಗೆದುಕೊಳ್ಳಿ, ಜತೆಯಲ್ಲಿ ನೀವೂ ಹೋಗಿ. ವರದಿ ಕೈಗೆ ಬರುವ ತನಕ ಓಟ ನಿಲ್ಲಲಿ, ನಡಿಗೆ ಮಾತ್ರ ಇರಲಿ.