ಟಿಕೆಟ್‌ಗೂ ಮೊದಲು ಮಾತ್ರೆಯ ಲೆಕ್ಕ

ಮಗಳಿಗೆ ನ್ಯೂಜೆರ್ಸಿಯಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ಆದರೆ ಅಮ್ಮನಿಗೆ ಎಚ್‌ಐವಿ ಇದೆ. ಎಆರ್‌ಟಿ ಕೇಂದ್ರದಲ್ಲಿ ಕೊಡುವ ಮಾತ್ರೆಯನ್ನು ದಿನಾ ರಾತ್ರಿ ಒಂಬತ್ತಕ್ಕೆ ನುಂಗುತ್ತಾರೆ. ‘ವೀಸಾ ಕೊಡ್ತಾರಾ? ಏರ್‌ಪೋರ್ಟ್‌ನಲ್ಲಿ ಹಿಡ್ಕೊಂಡ್ರೆ?’ ಎಂಬ ಅಂಜಿಕೆಗೆ, ಮಂಡಿನೋವಿನ ನೆಪ ಹೇಳಿ ಊರಲ್ಲೇ ಉಳಿದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಉಳಿಯಬೇಡಿ. ಎರಡು ತಿಂಗಳು ಮೊದಲೇ ತಯಾರಿ ಶುರುಮಾಡಿದರೆ ಈ ಪ್ರಯಾಣ ಖಂಡಿತ ಸಾಧ್ಯ.

ಮೊದಲು ತಿಳಿಯಬೇಕಾದದ್ದು, ಯಾವ ದೇಶಕ್ಕೆ, ಯಾಕಾಗಿ ಹೋಗುತ್ತೀರಿ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ. ಎಚ್‌ಐವಿ ಇದ್ದವರು ಅಮೆರಿಕಕ್ಕೆ ಕಾಲಿಡದಂತೆ 1987ರಿಂದ ಇದ್ದ ನಿಷೇಧ 2010ರ ಜನವರಿ 4ಕ್ಕೆ ಕೊನೆಗೊಂಡಿತು. ವೀಸಾ ಅರ್ಜಿಯಲ್ಲಿ ಸಾಂಕ್ರಾಮಿಕ ರೋಗದ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಆ ರೋಗಗಳ ಪಟ್ಟಿಯಿಂದಲೂ ಎಚ್‌ಐವಿಯನ್ನು ಆಗಲೇ ತೆಗೆದುಹಾಕಿದ್ದಾರೆ. ಮಕ್ಕಳನ್ನು ನೋಡಲು ಬ್ರಿಟನ್‌ಗೋ ಯುರೋಪಿಗೋ ಹೋಗುವವರಿಗೂ ಎಚ್‌ಐವಿ ಪರೀಕ್ಷೆಯಿಲ್ಲ.

ಕೊಲ್ಲಿ ದೇಶಗಳ ಕಥೆಯೇ ಬೇರೆ. ಮಂಗಳೂರು, ಭಟ್ಕಳದ ಕಡೆಯಿಂದ ಅಲ್ಲಿಗೆ ಕೆಲಸಕ್ಕೆ ಹೊರಡುವವರು ವೀಸಾಕ್ಕೂ ಮೊದಲು ಇಲ್ಲೇ ಮೆಡಿಕಲ್ ಮಾಡಿಸಬೇಕು, ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಇರುತ್ತದೆ. ಪಾಸಿಟಿವ್ ಬಂದರೆ ‘ಅನ್‌ಫಿಟ್’. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಗಡೀಪಾರು. ಇದು ಅನ್ಯಾಯ, ಆದರೆ ಇವತ್ತಿನ ವಾಸ್ತವ. ‘ನಾನು ಸರಿಮಾಡಿಸ್ತೀನಿ’ ಎನ್ನುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದಕ್ಕಿಂತ ಮುಖ್ಯವಾಗಿ, ಸಿಕ್ಕಿಬೀಳುತ್ತೇವೆಂದು ಹೆದರಿ ಮಾತ್ರೆ ಬಿಡಬೇಡಿ. ವೈರಲ್ ಲೋಡ್ ಕಾಣದಷ್ಟು ಇಳಿದಿರಲಿ, ಮಾತ್ರೆ ತೆಗೆದುಕೊಳ್ಳಲಿ ಬಿಡಲಿ, ಆ ರಕ್ತಪರೀಕ್ಷೆ ಪಾಸಿಟಿವ್ ಎಂದೇ ಹೇಳುತ್ತದೆ. ಮಾತ್ರೆ ಬಿಟ್ಟವರು ಕೆಲಸವನ್ನೂ ಕಳೆದುಕೊಳ್ಳುತ್ತಾರೆ, ಆರೋಗ್ಯವನ್ನೂ.

ಇನ್ನು ಲೆಕ್ಕ. ಬಾಣಂತನವೆಂದರೆ ಸಾಮಾನ್ಯವಾಗಿ ಆರು ತಿಂಗಳು, ಅಂದರೆ 180 ಮಾತ್ರೆ. ಎಆರ್‌ಟಿ ಕೇಂದ್ರದವರು ಒಮ್ಮೆಗೆ ಒಂದರಿಂದ ಮೂರು ತಿಂಗಳಿನಷ್ಟು ಕೊಡುವುದು ವಾಡಿಕೆ. ಅತ್ತ ಅಮೆರಿಕದ ಔಷಧ ಇಲಾಖೆಯ ಸಲಹೆಯೂ 90 ದಿನಕ್ಕಾಗುವಷ್ಟು ತನ್ನಿ ಎಂದೇ ಇದೆ. ಅದಕ್ಕಿಂತ ಹೆಚ್ಚು ದಿನ ಇರುವವರು ಉಳಿದದ್ದನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಆ ಪೊಟ್ಟಣದ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಇಂಗ್ಲಿಷಿನಲ್ಲಿರುವ ವೈದ್ಯರ ಚೀಟಿ ಮತ್ತು ಪತ್ರ ಇರಬೇಕು. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಕೌನ್ಸೆಲರ್ ಬಳಿ ಕೂತು ತಾರೀಖು ಹೇಳಿ: ಈಗೆಷ್ಟು ಡಬ್ಬಿ, ಆಮೇಲೆ ಎಷ್ಟು, ಮುಂದಿನದನ್ನು ನಿಮ್ಮ ಪರವಾಗಿ ಯಾರು ಬಂದು ಪಡೆಯಬಹುದು. ಇದು ಹೊಂದದಿದ್ದರೆ ಮೂರು ತಿಂಗಳಿಗೇ ಬಾಣಂತನ ಮುಗಿಸಿ ಬರುವುದು ಮೇಲು. ‘ಅಲ್ಲೇ ಕೊಂಡರಾಯ್ತು’ ಎನ್ನಬೇಡಿ. ನಮ್ಮ ವೈದ್ಯರ ಚೀಟಿ ಅಲ್ಲಿನ ಅಂಗಡಿಯಲ್ಲಿ ನಡೆಯುವುದಿಲ್ಲ, ಒಂದು ತಿಂಗಳ ಔಷಧಕ್ಕೆ ಸಾವಿರಾರು ಡಾಲರ್ ಆಗಬಹುದು. ಪ್ರವಾಸ ವಿಮೆ ಮಾಡಿಸಿ, ಆದರೆ ಮೊದಲೇ ಇರುವ ಕಾಯಿಲೆಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ.

ವೈದ್ಯರ ಪತ್ರದಲ್ಲಿ ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಔಷಧದ ಹೆಸರು, ಪ್ರಮಾಣ, ‘ಸ್ವಂತ ಬಳಕೆಗೆ’ ಎಂಬ ಒಂದು ಸಾಲು ಸಾಕು. ಅದರ ಫೋಟೊ ಮೊಬೈಲಿನಲ್ಲೂ ಇರಲಿ. ಮಾತ್ರೆಯೆಲ್ಲ ಕೈಚೀಲದಲ್ಲಿ, ಅದರದೇ ಡಬ್ಬಿಯಲ್ಲಿರಲಿ. ಸೂಟ್‌ಕೇಸಿಗೆ ಹಾಕಿದರೆ, ಅದು ಬೇರೆ ಊರಿಗೆ ಹೋದ ದಿನ ಔಷಧವೂ ಹೋಯಿತು. ನಡೆದರೆ ಡಬ್ಬಿ ಗಲಗಲ ಸದ್ದುಮಾಡುತ್ತದೆ, ಪಕ್ಕದವರಿಗೆ ಕೇಳುತ್ತದೆಂಬ ಸಂಕೋಚ. ಅದಕ್ಕಾಗಿ ಮಾತ್ರೆಯನ್ನು ಪ್ಲಾಸ್ಟಿಕ್ ಕವರಿಗೆ ಸುರಿಯಬೇಡಿ. ಮೇಲೊಂದಿಷ್ಟು ಒಣ ಹತ್ತಿ ತುಂಬಿ, ಸದ್ದು ನಿಲ್ಲುತ್ತದೆ. ಒಳಗಿರುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ಮಾತ್ರ ಎಸೆಯಬೇಡಿ.

ಅಲ್ಲಿಗೆ ಹೋದ ಮೇಲೆ ಹೊತ್ತಿನ ಗೊಂದಲ. ಬೆಂಗಳೂರಿನ ರಾತ್ರಿ ಒಂಬತ್ತೆಂದರೆ ಬೇಸಿಗೆಯ ನ್ಯೂಜೆರ್ಸಿಯಲ್ಲಿ ಬೆಳಗಿನ ಹನ್ನೊಂದೂವರೆ. ಸರಿಯಾಗಿ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಹೊತ್ತು, ಕೈತುಂಬ ಕೆಲಸ, ಮರೆತೇಹೋಗುತ್ತದೆ. ಮೊದಲ ದಿನ ಹನ್ನೊಂದೂವರೆಗೇ ನುಂಗಿ, ಮರುದಿನ ಒಂಬತ್ತೂವರೆಗೆ, ಅದರ ಮರುದಿನ ಏಳೂವರೆಗೆ. ಅಲ್ಲಿಂದಾಚೆ ಬೆಳಗಿನ ಕಾಫಿಯ ಜೊತೆಗೇ ಅಭ್ಯಾಸವಾಗುತ್ತದೆ. ಎರಡು ಗಂಟೆ ಮುಂಚೆ ನುಂಗಿದರೆ ತೊಂದರೆಯಿಲ್ಲ, ಇಡೀ ದಿನ ತಪ್ಪಬಾರದು. ಮರೆತದ್ದು ನೆನಪಾದ ಕೂಡಲೇ ನುಂಗಿ, ಆದರೆ ಎರಡನ್ನು ಒಟ್ಟಿಗೆ ಬೇಡ.

ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ನುಂಗುವವರು ಊಟ-ತಿಂಡಿಯ ಜೊತೆಗಾದರೆ ಅದನ್ನೂ ಎಚ್‌ಐವಿ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಎದೆಯುರಿಗೆ ಕುಡಿಯುವ ಆಂಟಾಸಿಡ್ ಹಾಗಲ್ಲ: ಎಚ್‌ಐವಿ ಮಾತ್ರೆ ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಿಟ್ಟು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ಹೊರಡುವ ಮೊದಲೇ ವೈದ್ಯರಿಗೆ ಹೇಳಿ. ಆಫ್ರಿಕಾ ಕಡೆಗೆ ಹೋಗುವವರಿಗೆ ಹಳದಿಜ್ವರದ ಲಸಿಕೆ ಬೇಕಾಗಬಹುದು. ಅದು ಜೀವಂತ ವೈರಾಣುವಿನ ಲಸಿಕೆ. ಸಿಡಿ4 ಎಣಿಕೆ 200ಕ್ಕಿಂತ ಕಡಿಮೆಯಿದ್ದವರು ಹಾಕಿಸಿಕೊಳ್ಳಬಾರದು.

ಅಳಿಯನಿಗೆ, ಬೀಗರಿಗೆ ಹೇಳಬೇಕೇ? ಅದು ನಿಮ್ಮ ಇಷ್ಟ. ಮೊಮ್ಮಗುವನ್ನು ಎತ್ತಿಕೊಳ್ಳುವುದರಿಂದ, ಮುತ್ತಿಡುವುದರಿಂದ, ಅಡುಗೆ ಮಾಡಿ ಬಡಿಸುವುದರಿಂದ ಎಚ್‌ಐವಿ ಹರಡುವುದಿಲ್ಲ. ಮಗಳೊಬ್ಬಳಿಗೆ ಗೊತ್ತಿದ್ದರೆ ಮಾತ್ರೆಯ ಹೊತ್ತಿಗೆ ನೆನಪಿಸಲು ಜೊತೆಗೊಬ್ಬರು ಇದ್ದಂತೆ.

ಇಲ್ಲಿ ಏನೇ ಅನುಮಾನವಿದ್ದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ವಿಮಾನ ತಡವಾಗುವುದೂ ಉಂಟು. ಮರಳಿ ಬೆಂಗಳೂರಿಗೆ ಇಳಿಯುವ ದಿನ ಡಬ್ಬಿಯಲ್ಲಿ ಹತ್ತು ಮಾತ್ರೆಯಾದರೂ ಮಿಕ್ಕಿರುವಂತೆ ಈಗಲೇ ಎಣಿಸಿಕೊಳ್ಳಿ.