ಒಂದೇ ಸ್ಕ್ರೀನ್, ಹತ್ತು ವಿಂಡೋ: ಬೇಗ ಕೆಲಸ ಮುಗಿಸುವವರ ಸೂತ್ರಗಳು

ದೊಡವಾಡದಲ್ಲಿ ಕೂತು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೀರಾ? ಬೈಲಹೊಂಗಲದ ಆನ್‌ಲೈನ್ ಸೆಂಟರ್‌ನಲ್ಲಿ ಆಪರೇಟರ್ ಆಗಿದ್ದೀರಾ? ಕಿತ್ತೂರು, ಸವದತ್ತಿ, ರಾಮದುರ್ಗದ ಯಾವುದಾದರೂ ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುತ್ತೀರಾ? ಹಾಗಿದ್ದರೆ ನಿಮ್ಮ ಸ್ಕ್ರೀನ್ ಮೇಲೆ ಈಗ ಎಷ್ಟು ವಿಂಡೋ ತೆರೆದಿವೆ, ಎಣಿಸಿ. ಬ್ರೌಸರ್‌ನಲ್ಲಿ ಸೇವಾಸಿಂಧು, ಭೂಮಿ, ಫ್ರೂಟ್ಸ್. ಪಕ್ಕದಲ್ಲಿ ವರ್ಡ್, ಸ್ಕ್ಯಾನರ್, ವಾಟ್ಸ್ಆ್ಯಪ್ ವೆಬ್, ಫೋಟೋ ಫೋಲ್ಡರ್. ಎಲ್ಲ ಒಂದರ ಮೇಲೊಂದು ಬಿದ್ದಿವೆ.

ಟೈಪಿಂಗ್ ಸ್ಪೀಡ್ ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಕ್ಲಾಸಿಗೆ ಹೋಗುತ್ತೀರಿ. ಒಳ್ಳೆಯದು. ಆದರೆ ಬಹಳಷ್ಟು ಹೊತ್ತು ಹೋಗುವುದು ಟೈಪ್ ಮಾಡುವಾಗಲ್ಲ, ಬೇಕಾದ ವಿಂಡೋ ಹುಡುಕುವಾಗ. ಇದಕ್ಕೆ ಹೊಸ ಕಂಪ್ಯೂಟರ್ ಬೇಡ, ದುಡ್ಡೂ ಬೇಡ. ಕೆಳಗಿನ ಸೂತ್ರಗಳನ್ನು ಇವತ್ತೇ ಹಿಡಿಯಿರಿ.

1. ಮೊದಲು ಜೋಡಿ ಗುರುತಿಸಿ

ಯಾವ ಕೆಲಸವಿದ್ದರೂ ಒಂದು ವಿಂಡೋ ನೋಡಲಿಕ್ಕೆ, ಇನ್ನೊಂದು ತುಂಬಲಿಕ್ಕೆ ಇರುತ್ತದೆ. ಆ ಎರಡನ್ನು ಗುರುತಿಸಿ ಅಕ್ಕಪಕ್ಕ ಇಡಿ. ಉಳಿದ ವಿಂಡೋಗಳು ಆ ಹೊತ್ತಿಗೆ ಕಣ್ಣಿಗೆ ಬೀಳಬಾರದು.

ಒಂದು ಉದಾಹರಣೆ ನೋಡಿ. ರೈತರೊಬ್ಬರು ಫ್ರೂಟ್ಸ್ ಐಡಿ ಮಾಡಿಸಲು ಬಂದಿದ್ದಾರೆ. ನೀವು ಭೂಮಿ ಪೋರ್ಟಲ್ ತೆರೆದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸುತ್ತೀರಿ, ಸರ್ವೆ ನಂಬರ್ ಹಾಕುತ್ತೀರಿ. ಆಮೇಲೆ ಸರ್ನೋಕ್, ಹಿಸ್ಸಾ, ಅವಧಿ, ವರ್ಷ. ಉತಾರ (ಪಹಣಿ) ಬೇರೆ ವಿಂಡೋದಲ್ಲಿ ತೆರೆದು ಇಡೀ ಸ್ಕ್ರೀನ್ ಮುಚ್ಚುತ್ತದೆ. ಹಿಸ್ಸಾ ನಂಬರ್ ಬಾಯಲ್ಲಿ ಹೇಳಿಕೊಳ್ಳುತ್ತ ಫಾರ್ಮಿಗೆ ಹೊರಳುತ್ತೀರಿ. ಅಷ್ಟರಲ್ಲಿ ಪಾಳಿಯಲ್ಲಿ ನಿಂತವರು "ತಮ್ಮಾ, ನಂದ್ ಯಾವಾಗ ಆಗ್ತೈತಿ?" ಅಂತ ಕೇಳುತ್ತಾರೆ. 2ಬಿ ಇದ್ದದ್ದು 2ಎ ಆಯಿತು.

ಆ ಒಂದು ಅಕ್ಷರದ ತಪ್ಪು ನಿಮಗೆ ಸಣ್ಣದು, ಎದುರಿಗೆ ಕೂತವರಿಗಲ್ಲ. ಬೆಳೆ ವಿಮೆ, ಪರಿಹಾರ, ಸಬ್ಸಿಡಿ ಎಲ್ಲವೂ ಆ ಐಡಿಯ ಮೇಲೆ ನಿಂತಿವೆ. ತಿದ್ದಿಸಲು ಅವರು ಮತ್ತೆ ಒಂದು ದಿನದ ಕೆಲಸ ಬಿಟ್ಟು ಬರಬೇಕು. ಉತಾರ ಎಡಕ್ಕೆ, ಫಾರ್ಮ್ ಬಲಕ್ಕೆ ಇದ್ದರೆ ನೆನಪಿಟ್ಟುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ, ನೋಡಿ ಹಾಕುತ್ತೀರಿ. ಸ್ಕ್ರೀನ್ ಸ್ವಲ್ಪ ಅವರ ಕಡೆ ತಿರುಗಿಸಿ "ಯಜಮಾನ್ರೇ, ಇದು ನಿಮ್ಮದೇ ಹೌದಲ್ರೀ?" ಅಂತ ಒಮ್ಮೆ ಕೇಳಿ, ಆಮೇಲೆ ಸಬ್ಮಿಟ್ ಒತ್ತಿ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿವೆ. ಅವುಗಳಲ್ಲಿ ಒಂದು ಈಗ ನಿಮ್ಮ ಕೈಯಲ್ಲಿದೆ ಎಂಬ ಅರಿವು ಇರಲಿ.

ವಿದ್ಯಾರ್ಥಿಗಳಿಗೂ ಇದೇ ನಿಯಮ. ಎಡಕ್ಕೆ ಹಳೆಯ ಪ್ರಶ್ನೆಪತ್ರಿಕೆಯ ಪಿಡಿಎಫ್, ಬಲಕ್ಕೆ ನೋಟ್ಸ್. ಮೂರನೆಯದು ಬೇಡ.

2. ಟ್ಯಾಬ್ ಎಳೆದು ವಿಂಡೋ ಮಾಡಿ

"ಅಕ್ಕಪಕ್ಕ ಇಡೋಕೆ ಆಗ್ತಿಲ್ಲ" ಎನ್ನುವ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಅವರ ಎರಡೂ ಪೋರ್ಟಲ್‌ಗಳು ಒಂದೇ ಕ್ರೋಮ್‌ನಲ್ಲಿ ಎರಡು ಟ್ಯಾಬ್ ಆಗಿರುತ್ತವೆ. ಜೋಡಿಸುವ ಟೂಲ್‌ಗಳಿಗೆ ಟ್ಯಾಬ್ ಲೆಕ್ಕಕ್ಕಿಲ್ಲ, ಅವು ನೋಡುವುದು ವಿಂಡೋ ಮಾತ್ರ. ಟ್ಯಾಬನ್ನು ಮೌಸಿನಿಂದ ಹಿಡಿದು ಕೆಳಕ್ಕೆ ಎಳೆದು ಬಿಡಿ. ಅದು ಬೇರೆ ವಿಂಡೋ ಆಗುತ್ತದೆ. ವಿಂಡೋ ಜೋಡಿಸುವ ಮುಂದಿನ ಸೂತ್ರಗಳು ಕೆಲಸ ಮಾಡುವುದು ಇದನ್ನು ಮಾಡಿದ ಮೇಲೆ.

3. ವಿಂಡೋಸ್ ಕೀ ಮತ್ತು ಬಾಣದ ಕೀ: ಮೌಸ್ ಬಿಡಿ

ವಿಂಡೋಸ್ ಕೀ ಹಿಡಿದು ಎಡ ಬಾಣ ಒತ್ತಿ. ವಿಂಡೋ ಎಡಗಡೆಯ ಅರ್ಧಕ್ಕೆ ಕೂರುತ್ತದೆ. ಇನ್ನೊಂದಕ್ಕೆ ಬಲ ಬಾಣ. 2009ರ ವಿಂಡೋಸ್ 7ರಿಂದಲೇ ಈ ಸ್ನ್ಯಾಪ್ ಸೌಲಭ್ಯ ಇದೆ, ಹಾಗಾಗಿ "ನಮ್ಮದು ಹಳೇ ಸಿಸ್ಟಮ್" ಎಂಬ ಕಾರಣ ನಡೆಯುವುದಿಲ್ಲ. ವಿಂಡೋಸ್ 10ರಲ್ಲಿ ನಾಲ್ಕು ಮೂಲೆಗೂ ಕೂರಿಸಬಹುದು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಜೋಡಣೆಯ ಮಾದರಿಗಳೇ ಕಣ್ಮುಂದೆ ಬರುತ್ತವೆ, ಬೇಕಾದದ್ದನ್ನು ಆರಿಸಿ.

1985ರ ಮೊದಲ ವಿಂಡೋಸ್‌ನಲ್ಲಿ ಪ್ರೋಗ್ರಾಮ್ ವಿಂಡೋಗಳು ಒಂದರ ಮೇಲೊಂದು ಬೀಳುತ್ತಲೇ ಇರಲಿಲ್ಲ, ಟೈಲ್ಸ್ ಹಾಕಿದಂತೆ ಅಕ್ಕಪಕ್ಕವೇ ಕೂರುತ್ತಿದ್ದವು. 1987ರ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಇಡುವ ಸ್ವಾತಂತ್ರ್ಯ ಬಂತು, ಅದರ ಜೊತೆ ಹುಡುಕಾಟವೂ ಬಂತು. ಇವತ್ತಿನ ಸ್ನ್ಯಾಪ್ ಆ ಹಳೆಯ ಶಿಸ್ತನ್ನೇ ಬೇಕಾದಾಗ ಬೇಕಾದಷ್ಟು ಬಳಸಿಕೊಳ್ಳುವ ದಾರಿ.

ಸಣ್ಣ ಮಾನಿಟರ್‌ನಲ್ಲಿ ಅರ್ಧ ಸ್ಕ್ರೀನ್ ಸಾಲದೆ ಫಾರ್ಮ್ ಮುರಿದಂತೆ ಕಂಡರೆ ಕಂಟ್ರೋಲ್ ಹಿಡಿದು ಮೈನಸ್ ಒತ್ತಿ, ಪೇಜನ್ನು 80 ಪರ್ಸೆಂಟಿಗೆ ಇಳಿಸಿ. ಅಥವಾ ಎರಡು ವಿಂಡೋ ಸೇರುವ ಗೆರೆಯನ್ನು ಎಳೆದು ಫಾರ್ಮಿಗೆ ಹೆಚ್ಚು ಜಾಗ ಕೊಡಿ.

4. ಫ್ಯಾನ್ಸಿಝೋನ್ಸ್: ಜಾಗ ನೀವೇ ಹಂಚಿ

ದಿನವಿಡೀ ಅದೇ ನಾಲ್ಕೈದು ವಿಂಡೋಗಳ ಜೊತೆ ಕೆಲಸ ಮಾಡುವವರಿಗೆ ಅರ್ಧ-ಅರ್ಧ ಸಾಲುವುದಿಲ್ಲ. ಅವರಿಗಾಗಿ ಪವರ್‌ಟಾಯ್ಸ್ ಇದೆ. ಮೈಕ್ರೋಸಾಫ್ಟ್‌ನದೇ ಸಾಫ್ಟ್‌ವೇರ್, ಪೂರ್ತಿ ಉಚಿತ, ಓಪನ್ ಸೋರ್ಸ್. ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಹಾಕಿಕೊಳ್ಳಿ, ಕಂಡ ಕಂಡ ಡೌನ್‌ಲೋಡ್ ಸೈಟ್‌ಗಳಿಂದ ಬೇಡ. ಜನರ ಆಧಾರ್ ನೋಡುವ ಕಂಪ್ಯೂಟರ್ ಅದು.

ಪವರ್‌ಟಾಯ್ಸ್ ಒಳಗಿನ ಫ್ಯಾನ್ಸಿಝೋನ್ಸ್ ತೆರೆಯಿರಿ. ಹೊಲಕ್ಕೆ ಬದು ಹಾಕಿದ ಹಾಗೆ ಸ್ಕ್ರೀನ್‌ಗೆ ನೀವೇ ಗೆರೆ ಹಾಕಬಹುದು: ಎಡಕ್ಕೆ ಉತಾರಕ್ಕೊಂದು ಉದ್ದ ಪಟ್ಟಿ, ನಡುವೆ ಫಾರ್ಮಿಗೆ ದೊಡ್ಡ ಜಾಗ, ಬಲಕ್ಕೆ ಮೇಲೆ ಸ್ಕ್ಯಾನ್ ಫೋಲ್ಡರ್, ಕೆಳಗೆ ವಾಟ್ಸ್ಆ್ಯಪ್. ಒಮ್ಮೆ ಸೇವ್ ಮಾಡಿ. ಆಮೇಲೆ ಶಿಫ್ಟ್ ಹಿಡಿದು ವಿಂಡೋ ಎಳೆದರೆ ಸಾಕು, ಜಾಗಗಳು ಬಣ್ಣದಲ್ಲಿ ಕಾಣುತ್ತವೆ, ಬೇಕಾದ ಕಡೆ ಬಿಡಿ. ಒಂದೇ ಜಾಗದಲ್ಲಿ ಎರಡು ವಿಂಡೋ ಕೂತಿದ್ದರೆ ವಿಂಡೋಸ್ ಕೀ ಜೊತೆ ಪೇಜ್‌ಡೌನ್ ಒತ್ತಿ, ಒಂದರಿಂದ ಇನ್ನೊಂದಕ್ಕೆ ಹೋಗುತ್ತೀರಿ.

ಇದು ಏಕೆ ಮುಖ್ಯ? ಪ್ರತಿ ವಿಂಡೋ ದಿನಾ ಅದೇ ಜಾಗದಲ್ಲಿದ್ದರೆ ಕೆಲವೇ ದಿನಗಳಲ್ಲಿ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ, ಹುಡುಕುವ ಕೆಲಸವೇ ನಿಲ್ಲುತ್ತದೆ. ಬೆಳೆ ವಿಮೆಯ ಕೊನೇ ದಿನ, ಬಾಗಿಲ ಹೊರಗೂ ಮಂದಿ ನಿಂತಿರುವಾಗ ಇದರ ಬೆಲೆ ಗೊತ್ತಾಗುತ್ತದೆ.

ಅದೇ ಪವರ್‌ಟಾಯ್ಸ್‌ನ ಇನ್ನೊಂದು ಟೂಲ್ ಆಲ್ವೇಸ್ ಆನ್ ಟಾಪ್. ವಿಂಡೋಸ್, ಕಂಟ್ರೋಲ್, ಟಿ ಒಟ್ಟಿಗೆ ಒತ್ತಿದರೆ ಆ ವಿಂಡೋ ಎಲ್ಲದರ ಮೇಲೆ ನಿಂತೇ ಇರುತ್ತದೆ. ಕ್ಯಾಲ್ಕುಲೇಟರ್ ಹೀಗೆ ನಿಲ್ಲಿಸಿ ಗಣಿತ ಅಭ್ಯಾಸ ಮಾಡಿ.

ನಿಮ್ಮ ಕಂಪ್ಯೂಟರ್‌ನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಪವರ್‌ಟಾಯ್ಸ್‌ನ ಉಳಿದ ಟೂಲ್‌ಗಳನ್ನೆಲ್ಲ ಆಫ್ ಮಾಡಿ, ಬೇಕಾದ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ.

5. ಕೆಲಸಕ್ಕೊಂದು ಡೆಸ್ಕ್‌ಟಾಪ್ ಮಾಡಿ

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಡಿ ಒತ್ತಿ. ಖಾಲಿ ಡೆಸ್ಕ್‌ಟಾಪ್ ಒಂದು ತೆರೆಯುತ್ತದೆ. ವಿಂಡೋಸ್, ಕಂಟ್ರೋಲ್ ಜೊತೆ ಎಡ-ಬಲ ಬಾಣ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ವಿಂಡೋಸ್ ಕೀ ಜೊತೆ ಟ್ಯಾಬ್ ಒತ್ತಿ ಹೆಸರೂ ಇಡಿ: "ಗಿರಾಕಿ", "ಲೆಕ್ಕ", "ಓದು".

ಓದುವ ಡೆಸ್ಕ್‌ಟಾಪ್‌ನಲ್ಲಿ ವಾಟ್ಸ್ಆ್ಯಪ್ ತೆರೆಯಬೇಡಿ. ಮನಸ್ಸು ನಿಲ್ಲುತ್ತಿಲ್ಲ ಎಂದು ಕೊರಗುವ ಬದಲು, ಮನಸ್ಸು ಎಳೆಯುವ ವಿಂಡೋವನ್ನು ಕಣ್ಣೆದುರಿಂದ ತೆಗೆಯಿರಿ. ಏಕಾಗ್ರತೆ ಹುಟ್ಟಿನಿಂದ ಬರುವುದಲ್ಲ, ಜೋಡಣೆಯಿಂದ ಬರುತ್ತದೆ.

ಸೆಂಟರ್‌ನಲ್ಲಿ ಕೂತವರಿಗೆ ಇದು ಬರೀ ಅನುಕೂಲವಲ್ಲ, ಜವಾಬ್ದಾರಿ. ಹಿಂದಿನ ಅಕ್ಕಾರ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸ್ಕ್ರೀನ್ ಮೇಲೆ ತೆರೆದಿರುವಾಗ ಮುಂದಿನವರನ್ನು ಕರೆಯಬೇಡಿ. ಒಬ್ಬರ ಕೆಲಸ ಮುಗಿದ ಕೂಡಲೇ ಅವರ ವಿಂಡೋಗಳನ್ನು ಮುಚ್ಚಿ. ಚಹಾಕ್ಕೆ ಎದ್ದರೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ. ಊರಿನ ಮಂದಿ ನಿಮ್ಮನ್ನು ನಂಬಿ ಕಾಗದ ಕೊಡುತ್ತಾರೆ. ನಿಮ್ಮ ಸೆಂಟರ್ ಬೆಳೆಯುವುದು ಆ ನಂಬಿಕೆಯ ಮೇಲೆಯೇ.

6. ಕ್ಲಿಪ್‌ಬೋರ್ಡ್ ಬಳಸಿ, ಬಳಸಿದ ಮೇಲೆ ಖಾಲಿ ಮಾಡಿ

ವಿಂಡೋಸ್ ಕೀ ಜೊತೆ ವಿ ಒತ್ತಿ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಕೊಳ್ಳಿ. ಕಾಪಿ ಮಾಡಿದ ಹೆಸರು, ಮೊಬೈಲ್ ನಂಬರ್, ಐಎಫ್‌ಎಸ್‌ಸಿ ಕೋಡ್ ಎಲ್ಲ ಪಟ್ಟಿಯಾಗಿ ಸಿಗುತ್ತವೆ. ಪ್ರತಿ ಸಲ ಹಳೆಯ ವಿಂಡೋಗೆ ಹೋಗಿ ಬರುವುದು ತಪ್ಪುತ್ತದೆ. ಆದರೆ ಗಿರಾಕಿ ಎದ್ದ ಮೇಲೆ "ಕ್ಲಿಯರ್ ಆಲ್" ಒತ್ತದೆ ಬಿಡಬೇಡಿ, ಅವರ ಆಧಾರ್ ನಂಬರ್ ಅಲ್ಲೇ ಉಳಿದಿರುತ್ತದೆ.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿಯನ್ನು ವೆಬ್ ಫಾರ್ಮಿಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬೀಳುತ್ತವೆ, ಏಕೆಂದರೆ ಪೋರ್ಟಲ್‌ಗೆ ಬೇಕಾದದ್ದು ಯುನಿಕೋಡ್. ನುಡಿಯನ್ನು ಯುನಿಕೋಡ್ ಮೋಡ್‌ನಲ್ಲೇ ಇಟ್ಟು ಟೈಪ್ ಮಾಡಿ. ಇಲ್ಲವೇ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಿ.

7. ಕರೆಂಟ್ ಹೋಗುತ್ತದೆ ಎಂದುಕೊಂಡೇ ತಯಾರಾಗಿ

ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಎಲ್ಲ ವಿಂಡೋ ಮಾಯ. ಇದಕ್ಕೆ ಬೈಯುತ್ತ ಕೂರಬೇಡಿ. ಪವರ್‌ಟಾಯ್ಸ್‌ಗೆ 2024ರಲ್ಲಿ ವರ್ಕ್‌ಸ್ಪೇಸಸ್ ಎಂಬ ಟೂಲ್ ಬಂದಿದೆ. ವಿಂಡೋಗಳನ್ನೆಲ್ಲ ಸರಿಯಾಗಿ ಜೋಡಿಸಿ ಒಮ್ಮೆ "ಕ್ಯಾಪ್ಚರ್" ಮಾಡಿ, ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಡಿ. ಮತ್ತೆ ಆನ್ ಮಾಡಿದಾಗ ಒಂದೇ ಕ್ಲಿಕ್‌ಗೆ ಅದೇ ಪ್ರೋಗ್ರಾಮ್‌ಗಳು ಅದೇ ಜಾಗದಲ್ಲಿ ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಸೆಂಟರ್ ತೆರೆದ ಕೂಡಲೇ ಮಾಡುವ ಮೊದಲ ಕ್ಲಿಕ್ ಕೂಡ ಇದೇ ಆಗಲಿ.

ವರ್ಕ್‌ಸ್ಪೇಸಸ್ ಟ್ಯಾಬ್‌ಗಳನ್ನು ನೆನಪಿಡುವುದಿಲ್ಲ. ಅದಕ್ಕೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ "ಎಲ್ಲಿ ಬಿಟ್ಟಿದ್ದೀರೋ ಅಲ್ಲಿಂದ ಮುಂದುವರಿಸಿ" ಎನ್ನುವ ಆಯ್ಕೆ ಹಾಕಿ. ಕೈತಪ್ಪಿ ಮುಚ್ಚಿದ ಟ್ಯಾಬ್‌ಗೆ ಕಂಟ್ರೋಲ್, ಶಿಫ್ಟ್, ಟಿ. ಅರ್ಧ ತುಂಬಿದ ಫಾರ್ಮ್ ಮಾತ್ರ ವಾಪಸ್ ಬರುತ್ತದೆ ಎಂದು ನಂಬಿ ಕೂರಬೇಡಿ. ಸೇವ್ ಡ್ರಾಫ್ಟ್ ಬಟನ್ ಇದ್ದ ಕಡೆ ಒತ್ತುತ್ತಲೇ ಇರಿ.

8. ಲ್ಯಾಬ್ ಕಂಪ್ಯೂಟರ್, ಹಳೆಯ ಕಂಪ್ಯೂಟರ್: ಎರಡಕ್ಕೂ ದಾರಿ ಇದೆ

ಕಾಲೇಜ್ ಲ್ಯಾಬ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲವೇ? ಮೂರನೇ ಮತ್ತು ಐದನೇ ಸೂತ್ರಕ್ಕೆ ಇನ್‌ಸ್ಟಾಲ್ ಬೇಕಿಲ್ಲ. ಮನೆಯಲ್ಲಿ ಇರುವುದು ಹಳೆಯ ಕಂಪ್ಯೂಟರ್, ವಿಂಡೋಸ್ 11 ಹಿಡಿಸುತ್ತಿಲ್ಲವೇ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಓದಿಗಷ್ಟೇ ಬಳಸುವ ಕಂಪ್ಯೂಟರ್ ಆದರೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಿ ನೋಡಿ. ಅಲ್ಲೂ ಅದೇ ಕೀ, ಅದೇ ಬಾಣ, ವಿಂಡೋ ಅದೇ ರೀತಿ ಅರ್ಧಕ್ಕೆ ಕೂರುತ್ತದೆ.

9. "ಇಷ್ಟೆಲ್ಲ ನೆನಪಿರಲ್ಲ" ಅನ್ನುವುದನ್ನು ನಿಲ್ಲಿಸಿ

ನೆನಪಿರುವುದಿಲ್ಲ ಎನ್ನುವುದು ಸ್ವಭಾವವಲ್ಲ, ಅಭ್ಯಾಸ. ಫೋನ್‌ನಲ್ಲಿ ಹೊಸ ಆ್ಯಪ್ ಕಲಿಯಲು ನಿಮಗೆ ಯಾರೂ ಪಾಠ ಮಾಡಲಿಲ್ಲ. ವಾರಕ್ಕೆ ಒಂದೇ ಕೀ ಜೋಡಿ ಹಿಡಿಯಿರಿ. ಮೊದಲ ವಾರ ವಿಂಡೋಸ್ ಕೀ ಮತ್ತು ಬಾಣ ಮಾತ್ರ. ಆ ವಾರ ವಿಂಡೋ ಜೋಡಿಸಲು ಮೌಸ್ ಮುಟ್ಟಬೇಡಿ. ಮೊದಲೆರಡು ದಿನ ನಿಧಾನವಾಗುತ್ತದೆ, ಆಗಲಿ. ಎರಡನೇ ವಾರ ಡೆಸ್ಕ್‌ಟಾಪ್ ಬದಲಿಸುವುದು, ಮೂರನೇ ವಾರ ಕ್ಲಿಪ್‌ಬೋರ್ಡ್. ಫ್ಯಾನ್ಸಿಝೋನ್ಸ್ ಆಮೇಲೆ.

ಈಗ ಒಂದು ಚೀಟಿ ತೆಗೆದುಕೊಳ್ಳಿ. ಈ ವಾರದ ಕೀ ಜೋಡಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಮಾನಿಟರ್‌ನ ಕೆಳ ಅಂಚಿಗೆ ಅಂಟಿಸಿ. ಪಕ್ಕದ ಸಿಸ್ಟಮ್‌ನಲ್ಲಿ ಕೂತ ಗೆಳೆಯನಿಗೂ ಅಂಥದ್ದೇ ಒಂದು ಬರೆದುಕೊಡಿ. ಮುಂದಿನ ಸೋಮವಾರ ಚೀಟಿ ಬದಲಿಸಿ.